ಮಾಡೆಲ್ ಎಸ್: ಮರುವಿನ್ಯಾಸ ತಳದಿಂದಲೇ ಶುರುವಾಗಲಿ

ನಮಸ್ಕಾರ. ಎಲೆಕ್ಟ್ರಿಕ್ ಕಾರು ಎಂದರೆ ಊರೊಳಗೆ ಓಡಾಡಲಷ್ಟೇ ತಕ್ಕ ಪುಟ್ಟ ವಾಹನ ಎಂಬ ಎಣಿಕೆಯನ್ನು ಅಳಿಸಿಹಾಕಿದ ಕಾರು ಯಾವುದು ಎಂದು ಕೇಳಿದರೆ ಟೆಸ್ಲಾ ಮಾಡೆಲ್ ಎಸ್ ಹೆಸರನ್ನು ಹೇಳದೆ ವಿಧಿಯಿಲ್ಲ. 2012ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಿಂದ ಮೊದಲ ಗ್ರಾಹಕರ ಕೈಸೇರಿದ ಈ ಕಾರಿನ 85 ಕಿಲೋವ್ಯಾಟ್-ಅವರ್ ಮಾದರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ರೇಂಜ್ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) 265 ಮೈಲಿ, ಅಂದರೆ ಸುಮಾರು 426 ಕಿಲೋಮೀಟರ್. ಬ್ಯಾಟರಿಯನ್ನು ನೆಲದಡಿಯಲ್ಲಿ ಚಪ್ಪಟೆಯಾಗಿ ಹಾಸುವುದು, ಡ್ಯಾಶ್‌ಬೋರ್ಡಿನ ಬಹುಪಾಲು ಗುಂಡಿಗಳನ್ನು ತೆಗೆದು 17 ಇಂಚಿನ ಟಚ್‌ಸ್ಕ್ರೀನ್ ಕೂರಿಸುವುದು, ಮಾರಿದ ಮೇಲೂ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಕಾರನ್ನು ಸುಧಾರಿಸುತ್ತ ಹೋಗುವುದು ಇವೆಲ್ಲ ಇಂದು ಮಾಮೂಲಿ ಎನಿಸುವುದಕ್ಕೆ ಈ ಕಾರೇ ಮುಖ್ಯ ಕಾರಣ.

ಆಮೇಲೆ ಬದಲಾವಣೆಗಳು ಆಗಿಲ್ಲವೆಂದಲ್ಲ. 2016ರಲ್ಲಿ ಮುಂಭಾಗದ ಕಪ್ಪು ಮೂತಿ ಹೋಯಿತು. 2021ರಲ್ಲಿ ಒಳಾಂಗಣ ಹೊಸದಾಯಿತು, ಮೂರು ಮೋಟಾರುಗಳ, 1,020 ಅಶ್ವಶಕ್ತಿಯ ಪ್ಲೇಡ್ ಎಂಬ ಮಾದರಿ ಬಂತು. 2025ರಲ್ಲಿ ಬಂಪರಿಗೊಂದು ಕ್ಯಾಮೆರಾ ಸೇರಿತು. ಆದರೆ ಟೆಸ್ಲಾದ ಮುಖ್ಯ ವಿನ್ಯಾಸಕಾರ ಫ್ರಾನ್ಜ್ ಫೊನ್ ಹೋಲ್ಜ್‌ಹೌಸೆನ್ ರೂಪಿಸಿದ ಮೂಲ ಆಕಾರವೂ, ಅದರ ಕೆಳಗಿನ ಮೂಲ ವಿನ್ಯಾಸವೂ 2012ರವೇ. ಹೊಸ ಪೀಳಿಗೆಯ ಮಾಡೆಲ್ ಎಸ್ ಬರುವುದಾದರೆ ಅದರಲ್ಲಿ ಏನೇನು ಇರಬೇಕು ಎಂಬುದೇ ಈ ವಿಡಿಯೋದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಾರಿಗೆ ವಯಸ್ಸಾಗಿರುವುದು ಮುಖದಲ್ಲಿ ಅಲ್ಲ, ತಳದಲ್ಲಿ.

[ಪರದೆಯ ಮೇಲೆ: 400 ವೋಲ್ಟ್ ಮತ್ತು 800 ವೋಲ್ಟ್ ವ್ಯವಸ್ಥೆಗಳ ಚಿತ್ರ]

ಮೊದಲು ವಿದ್ಯುತ್ ವ್ಯವಸ್ಥೆಯನ್ನು ನೋಡೋಣ. ಮಾಡೆಲ್ ಎಸ್ ಸುಮಾರು 400 ವೋಲ್ಟ್ ಒತ್ತಡದಲ್ಲಿ ಕೆಲಸ ಮಾಡುತ್ತದೆ ಮತ್ತು ಗರಿಷ್ಠ 250 ಕಿಲೋವ್ಯಾಟ್ ವೇಗದಲ್ಲಿ ಚಾರ್ಜ್ ಆಗುತ್ತದೆ. 400 ವೋಲ್ಟಿನಲ್ಲಿ 250 ಕಿಲೋವ್ಯಾಟ್ ಹರಿಸಬೇಕಾದರೆ 625 ಆಂಪಿಯರ್ ಕರೆಂಟ್ ಬೇಕು. ವೋಲ್ಟೇಜ್ 800ಕ್ಕೆ ಏರಿದರೆ ಅದರ ಅರ್ಧ ಸಾಕು. ತಂತಿಯಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗವನ್ನು ಅವಲಂಬಿಸಿರುವುದರಿಂದ, ಕರೆಂಟ್ ಅರ್ಧವಾದರೆ ಅದೇ ತಂತಿಯಲ್ಲಿ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಕೇಬಲ್ಲು ತೆಳುವಾಗಬಹುದು, ಇಲ್ಲವೇ ಅದೇ ಕೇಬಲ್ಲಿನಲ್ಲಿ ಹೆಚ್ಚು ಶಕ್ತಿಯನ್ನು ಹೆಚ್ಚು ಹೊತ್ತು ಸಾಗಿಸಬಹುದು. ಪೋರ್ಷೆ ಕಂಪನಿಯ ಎಲೆಕ್ಟ್ರಿಕ್ ಕಾರು ಟೈಕಾನ್ 2019ರಲ್ಲೇ 800 ವೋಲ್ಟಿಗೆ ಹೋಯಿತು. 2024ರ ಪರಿಷ್ಕರಣೆಯ ನಂತರ ಅದು 320 ಕಿಲೋವ್ಯಾಟ್ ವೇಗದಲ್ಲಿ, ಅನುಕೂಲಕರ ಸ್ಥಿತಿಯಲ್ಲಿ 18 ನಿಮಿಷಗಳಲ್ಲಿ, ಶೇಕಡಾ 10ರಿಂದ 80ರವರೆಗೆ ತುಂಬಿಕೊಳ್ಳುತ್ತದೆ.

ಟೆಸ್ಲಾ ಬಳಿ ಈ ತಂತ್ರಜ್ಞಾನ ಇಲ್ಲ ಎನ್ನುವಂತಿಲ್ಲ. 2023ರಲ್ಲಿ ಬಂದ ಅದರ ಪಿಕಪ್ ವಾಹನ ಸೈಬರ್‌ಟ್ರಕ್ 800 ವೋಲ್ಟ್ ಬ್ಯಾಟರಿಯನ್ನೂ, ದೀಪ, ಕಿಟಕಿ, ಸ್ಟೀರಿಂಗ್‌ಗಳಿಗೆ 48 ವೋಲ್ಟಿನ ಪ್ರತ್ಯೇಕ ವ್ಯವಸ್ಥೆಯನ್ನೂ ಹೊತ್ತು ಬಂತು. ಟೆಸ್ಲಾದ ವೇಗದ ಚಾರ್ಜಿಂಗ್ ಕೇಂದ್ರಗಳಾದ ಹಳೆಯ ಸೂಪರ್‌ಚಾರ್ಜರ್‌ಗಳು 800 ವೋಲ್ಟ್ ಕೊಡಲಾರವು ಎಂಬ ಆಕ್ಷೇಪಕ್ಕೂ ಅಲ್ಲೇ ಉತ್ತರವಿದೆ: ಅಂಥ ಕಡೆ ಸೈಬರ್‌ಟ್ರಕ್ ತನ್ನ ಬ್ಯಾಟರಿಯನ್ನು 400 ವೋಲ್ಟಿನ ಎರಡು ಭಾಗಗಳಾಗಿ ವಿಂಗಡಿಸಿಕೊಂಡು ಚಾರ್ಜ್ ಆಗುತ್ತದೆ. ಕಂಪನಿಯ ಅತ್ಯುತ್ತಮ ತಂತ್ರಜ್ಞಾನ ಮೊದಲು ಕಾಣಿಸಿಕೊಳ್ಳುತ್ತಿದ್ದದ್ದು ಮಾಡೆಲ್ ಎಸ್‌ನಲ್ಲಿ. ಆ ಪಟ್ಟ ಅದಕ್ಕೆ ಮರಳಿ ಸಿಗಬೇಕು ಎಂಬುದು ನನ್ನ ಮನಃಪೂರ್ವಕ ಆಸೆ.

ಬ್ಯಾಟರಿಯ ವಿಷಯಕ್ಕೆ ಬಂದರೆ, ಅದನ್ನು ಇನ್ನಷ್ಟು ದೊಡ್ಡದು ಮಾಡಿ ರೇಂಜ್ ಹೆಚ್ಚಿಸುವ ದಾರಿ ನನಗೆ ಸರಿಕಾಣುವುದಿಲ್ಲ. 2025ರ ಮಾಡೆಲ್ ಎಸ್ ಸುಮಾರು 100 ಕಿಲೋವ್ಯಾಟ್-ಅವರ್ ಬ್ಯಾಟರಿಯಿಂದ 410 ಮೈಲಿ ಓಡುತ್ತದೆ. ಲೂಸಿಡ್ ಕಂಪನಿಯ ಎಲೆಕ್ಟ್ರಿಕ್ ಸೆಡಾನ್ ಏರ್ ಪ್ಯೂರ್ ಬರೀ 84 ಕಿಲೋವ್ಯಾಟ್-ಅವರ್‌ನಲ್ಲಿ 420 ಮೈಲಿ ಓಡುತ್ತದೆ. ಎರಡೂ ಅಮೆರಿಕದ ಅದೇ ಸಂಸ್ಥೆಯ ಅಂಕಿಗಳು. ಲೂಸಿಡ್ ಏರ್ ರೂಪುಗೊಂಡದ್ದು ಪೀಟರ್ ರಾಲಿನ್ಸನ್ ಮುಂದಾಳುತನದಲ್ಲಿ, ಮತ್ತು ಮೊದಲ ಮಾಡೆಲ್ ಎಸ್‌ನ ಮುಖ್ಯ ಎಂಜಿನಿಯರ್ ಕೂಡ ಅವರೇ ಆಗಿದ್ದರು. ಬ್ಯಾಟರಿ ಚಿಕ್ಕದಾದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಬ್ರೇಕು, ಟೈರು, ಸಸ್ಪೆನ್ಷನ್‌ಗಳ ಮೇಲಿನ ಭಾರವೂ ಇಳಿಯುತ್ತದೆ.

[ದೃಶ್ಯ: ಹಿಂಬದಿ ಸೀಟಿನಲ್ಲಿ ಕುಳಿತವರ ಮೊಣಕಾಲು, ಪಕ್ಕದಿಂದ]

ಈ ಚಿತ್ರವನ್ನು ಗಮನಿಸಿ. ನೆಲದಡಿ ಬ್ಯಾಟರಿ ಇರುವುದರಿಂದ ಹಿಂಬದಿಯಲ್ಲಿ ಕುಳಿತವರ ಪಾದಗಳು ಮೇಲೆ ಉಳಿಯುತ್ತವೆ. ಛಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಸೀಟನ್ನು ಎತ್ತರಿಸುವಂತಿಲ್ಲ. ಇವೆರಡರ ನಡುವೆ ಸಿಕ್ಕಿದ ಮೊಣಕಾಲುಗಳು ಮೇಲೇಳುತ್ತವೆ, ತೊಡೆಗಳು ಸೀಟಿಗೆ ಪೂರ್ತಿ ಆತುಕೊಳ್ಳುವುದಿಲ್ಲ, ದೂರದ ಪ್ರಯಾಣದಲ್ಲಿ ಸೊಂಟ ನೋಯುತ್ತದೆ. ಐಷಾರಾಮಿ ಎಂಬ ಹೆಸರಿಗೆ ಇದು ಒಪ್ಪುವ ಮಾತಲ್ಲ. ಟೈಕಾನ್‌ನಲ್ಲಿ ಹಿಂಬದಿಯವರ ಪಾದಗಳಿಗೆಂದೇ ಬ್ಯಾಟರಿಯಲ್ಲಿ ತಗ್ಗು ಬಿಟ್ಟಿದ್ದಾರೆ. ಹೊಸ ಮಾಡೆಲ್ ಎಸ್‌ಗೂ ಅಂಥದ್ದೊಂದು ತಗ್ಗು ಬೇಕು.

ಇಲ್ಲೊಂದು ಎಚ್ಚರವೂ ಬೇಕು. ಇಂದಿನ ಮಾಡೆಲ್ ಎಸ್‌ನ ಬ್ಯಾಟರಿ ಕೋಶಗಳು 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಎತ್ತರದವು. ಟೆಸ್ಲಾ ಅಭಿಮಾನಿಗಳು ಬಯಸುವ, ಕಂಪನಿಯ ಹೊಸ ಬಗೆಯ 4680 ಕೋಶದ ಎತ್ತರ 80 ಮಿಲಿಮೀಟರ್. ಕೋಶಗಳನ್ನು ನಿಲ್ಲಿಸಿ ಜೋಡಿಸುವುದರಿಂದ ಆ 15 ಮಿಲಿಮೀಟರ್ ನೇರವಾಗಿ ನೆಲದ ಎತ್ತರಕ್ಕೆ ಸೇರುತ್ತದೆ. ಪ್ಯಾಕಿನ ಮುಚ್ಚಳವನ್ನೇ ಕಾರಿನ ನೆಲವಾಗಿಸಿ ಅದರಲ್ಲಿ ಸ್ವಲ್ಪವನ್ನು ಉಳಿಸಬಹುದಾದರೂ, ತಗ್ಗಾಗಿರಬೇಕಾದ ಈ ಕಾರಿಗೆ ಎತ್ತರ ಕಡಿಮೆಯ ಕೋಶವೇ ಮೇಲು ಎಂದು ನನಗನಿಸುತ್ತದೆ.

ಚಾಲಕರ ಕೈಗೆ ಬರೋಣ. 2021ರಲ್ಲಿ ಇಂಡಿಕೇಟರ್ ಲಿವರನ್ನು ತೆಗೆದು ಸ್ಟೀರಿಂಗ್ ಮೇಲೆ ಗುಂಡಿಗಳನ್ನಿಟ್ಟರು. ಸ್ಟೀರಿಂಗ್ ತಿರುಗಿದಂತೆ ಅವೂ ತಿರುಗುವುದರಿಂದ, ವೃತ್ತದಿಂದ ಹೊರಬರುವ ಹೊತ್ತಿಗೆ ಎಡ ಯಾವುದು, ಬಲ ಯಾವುದು ಎಂದು ಕಣ್ಣಿನಿಂದಲೇ ಹುಡುಕಬೇಕಾಗುತ್ತದೆ. ಇಂಡಿಕೇಟರ್, ವೈಪರ್, ಹಾರ್ನ್‌ಗಳಿಗೆ ಭೌತಿಕ ನಿಯಂತ್ರಣಗಳಿರಬೇಕೆಂದು 2026ರಿಂದ ಯುರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯೂ ಒತ್ತಾಯಿಸುತ್ತಿದೆ. ಲಿವರ್ ಮರಳಿ ಬರಲಿ. ಅದೇ ವರ್ಷ ಬಂದ, ಮೇಲ್ಭಾಗವಿಲ್ಲದ ಯೋಕ್ ಸ್ಟೀರಿಂಗ್‌ಗೆ ಅರ್ಥ ಬರಬೇಕಾದರೆ ಸೈಬರ್‌ಟ್ರಕ್‌ನಂತೆ ಪೂರ್ತಿ ಒಂದು ಸುತ್ತನ್ನೂ ತಿರುಗಿಸದೆ ಚಕ್ರಗಳು ಕೊನೆಯವರೆಗೆ ಹೊರಳುವ ವಿದ್ಯುನ್ಮಾನ ಸ್ಟೀರಿಂಗ್ ಬೇಕು. ಅದಿಲ್ಲದಿದ್ದರೆ ದುಂಡನೆಯ ಸ್ಟೀರಿಂಗೇ ಸಾಕು. ಇನ್ನು ವಿದ್ಯುತ್ತಿನಿಂದ ತೆರೆಯುವ ಬಾಗಿಲುಗಳ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ: ವಿದ್ಯುತ್ ಹೋದರೂ ಹಿಂಬದಿಯ ಮಗುವಿನ ಕಣ್ಣಿಗೂ ಬೀಳುವಂಥ, ಎಳೆದರೆ ತೆರೆದುಕೊಳ್ಳುವಂಥ ಹಿಡಿ ನಾಲ್ಕೂ ಬಾಗಿಲಲ್ಲಿರಬೇಕು.

ಬದಲಾಗಬಾರದ್ದೂ ಒಂದಿದೆ. ಮಾಡೆಲ್ ಎಸ್ ಸೆಡಾನ್‌ನಂತೆ ಕಂಡರೂ ಅದರ ಡಿಕ್ಕಿ ಹಿಂಗಾಜಿನ ಸಮೇತ ಮೇಲೇಳುತ್ತದೆ. ಸೀಟು ಮಡಚಿದರೆ ಸೈಕಲ್ಲೊಂದನ್ನು ಮಲಗಿಸಬಹುದಾದಷ್ಟು ಜಾಗ ಸಿಗುತ್ತದೆ. ಲೂಸಿಡ್ ಏರ್‌ನಲ್ಲಾಗಲಿ, ಟೈಕಾನ್ ಸೆಡಾನ್‌ನಲ್ಲಾಗಲಿ ಗಾಜಿನ ಸಮೇತ ತೆರೆಯುವ ಈ ಅನುಕೂಲವಿಲ್ಲ. ಹೊಸ ವಿನ್ಯಾಸಕಾರರು ಛಾವಣಿಯ ಎತ್ತರದ ಭಾಗವನ್ನು ಕೊಂಚ ಹಿಂದಕ್ಕೆ ಸರಿಸಿ ತಲೆಗೆ ಜಾಗ ಮಾಡಿಕೊಡಲಿ. ಅದರಿಂದ ಗಾಳಿಯ ತಡೆಯ ಗುಣಾಂಕ ಈಗಿನ 0.208ಕ್ಕಿಂತ ತುಸು ಏರಿದರೂ ನಾನು ಒಪ್ಪುತ್ತೇನೆ. ಡಿಕ್ಕಿಯ ಆ ಅಗಲವಾದ ಬಾಯಿಯನ್ನು ಮಾತ್ರ ಮುಟ್ಟಬಾರದು.