ಕೊಟ್ಟಿಗೆಯ ಘಾಟು, ಗುಂಡಿಯ ಗೊಬ್ಬರ

ಇದು ಶಿರಸಿ ಹತ್ತಿರದ ನಮ್ಮ ಮನೆ ಕೊಟ್ಟಿಗೆ. ಬೆಳಗಿನ ಆರು ಗಂಟೆ. ವಿಡಿಯೋದಲ್ಲಿ ವಾಸನೆ ಬರುವುದಿಲ್ಲ, ಇಲ್ಲಾಂದ್ರೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದು ಕಣ್ಣಲ್ಲಿ ನೀರು ತರಿಸುವ ಈ ಘಾಟು ನಿಮಗೂ ಗೊತ್ತಾಗುತ್ತಿತ್ತು. ಇದೇ ಅಮೋನಿಯಾ.

ಗಂಜಲದಲ್ಲಿ ಯೂರಿಯಾ ಇರುತ್ತದೆ. ಹೌದು, ಗದ್ದೆಗೆ ಅಂತ 45 ಕೆಜಿ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವಲ್ಲ, ಅದೇ ಯೂರಿಯಾ. ಗಂಜಲಕ್ಕೆ ಸಗಣಿ ತಾಗಿತು ಅಂದರೆ, ಸಗಣಿಯ ಸೂಕ್ಷ್ಮಜೀವಿಗಳಲ್ಲಿರುವ ಯೂರಿಯೇಸ್ ಅನ್ನುವ ಕಿಣ್ವ ಕೆಲಸ ಶುರು ಮಾಡುತ್ತದೆ, ಕೆಲವೇ ಗಂಟೆಗಳಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಬಿಸಿಲು ಗಾಳಿ ಸಿಕ್ಕಿದರೆ ಹಾರಿಯೇ ಹೋಗುತ್ತದೆ. ಅದರಲ್ಲಿರುವುದು ತೋಟಕ್ಕೆ ಸೇರಬೇಕಾದ ಸಾರಜನಕ, ಗಿಡದ ಮುಖ್ಯ ಆಹಾರ!

ಮೊದಲು ನಮ್ಮಲ್ಲಿ ಇಷ್ಟು ಘಾಟು ಇರಲಿಲ್ಲ. ದಿನಾ ದನದ ಕಾಲಡಿಗೆ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಹಾಸುತ್ತಿದ್ದರು. ನಮ್ಮ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ದರಕು ತರಲು ಬಿಟ್ಟ ಕಾಡು, ಅಂತ ಬ್ರಿಟಿಷರ ಕಾಲದಿಂದ ಬಂದಿದೆಯಲ್ಲ, ಅದು ಇದಕ್ಕೇ. ಒಣ ಎಲೆ ಗಂಜಲ ಹೀರಿಕೊಳ್ಳುತ್ತದೆ. ಎಲೆ ಕೊಳೆಸುವ ಜೀವಿಗಳಿಗೆ ಸಾರಜನಕ ಬೇಕೇ ಬೇಕು, ಹಾಗಾಗಿ ಅವು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಆಮೇಲೆ ದರಕು ಗುಡಿಸಲು ಜನ ಸಿಗಲಿಲ್ಲ. ಸಿಮೆಂಟ್ ನೆಲ ಮಾಡಿಸಿದೆವು, ಪೈಪ್ ಹಿಡಿದು ತೊಳೆದರೆ ಮುಗಿಯಿತು. ಆಯಿಯ, ಅಂದರೆ ಅಮ್ಮನ, ಸೊಂಟ ನೋವಿಗೆ ಅದು ಒಳ್ಳೆಯದೇ ಆಯಿತು, ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ತೊಳೆದ ನೀರೆಲ್ಲ ಬಾಯ್ತೆರೆದ ಗುಂಡಿಗೆ ಹೋಗುತ್ತಿತ್ತು.

ಗೋಬರ್ ಗ್ಯಾಸ್ ಇದ್ದವರು ಇದನ್ನು ಕೇಳಲೇಬೇಕು. ಗ್ಯಾಸ್ ಬಿಟ್ಟು ಹೊರಬರುವ ಬಗ್ಗಡದಲ್ಲಿ ವಾಸನೆ ಕಡಿಮೆ, ಹಾಗಂತ ಅಮೋನಿಯಾ ಕಡಿಮೆ ಅಂದುಕೊಳ್ಳಬೇಡಿ. ಒಳಗೆ ಕೊಳೆಯುವಾಗ ಸಾರಜನಕದ ದೊಡ್ಡ ಪಾಲು ಗಿಡಕ್ಕೆ ಬೇಗ ಸಿಗುವ ರೂಪಕ್ಕೆ ಬಂದಿರುತ್ತದೆ, ಕ್ಷಾರ ಗುಣವೂ ಸ್ವಲ್ಪ ಏರಿರುತ್ತದೆ. ಹಾಗಾಗಿ ಬೇಗ ಹಾರುವುದೂ ಅದೇ. ಅದನ್ನು ಬಿಸಿಲಿಗೆ ಹರಡಿ ಒಣಗಿಸಿ ಚೀಲ ತುಂಬುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನೋಡಿ, ಗುಂಡಿಯ ಮೇಲೆ ಚಾವಣಿ ಹಾಕಿದ್ದೇವೆ, ಅಡಿಕೆ ಮರದ ದಬ್ಬೆ ಮೇಲೆ ಸೋಗೆ, ಅಷ್ಟೇ. ಬಗ್ಗಡ ಬಿದ್ದಷ್ಟೂ ಮೇಲೆ ಒಂದು ಪದರ ದರಕು. ಸುಮ್ಸುಮ್ನೆ ಕೋಲು ಹಾಕಿ ಕಲಕುವುದು ಬಿಟ್ಟಿದ್ದೇವೆ, ಕಲಕಿದಷ್ಟೂ ಜಾಸ್ತಿ ಹಾರುತ್ತದೆ. ತೋಟಕ್ಕೆ ಹಾಕಿದ ದಿನವೇ ಮೇಲೆ ಸೊಪ್ಪು ಮುಚ್ಚುತ್ತೇವೆ.

ದರಕು ಮಾತ್ರ ಸಾಲುತ್ತಿಲ್ಲ. ನಾಳೆ ಬೆಳಿಗ್ಗೆ ನಾನೂ ಆಯಿಯೂ ಬೆಟ್ಟಕ್ಕೆ ಹೋಗುತ್ತೇವೆ, ಕ್ಯಾಮೆರಾನೂ ತರುತ್ತೇನೆ.