ಸಾಕು ಎಂಬ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಾತಾಡುವಾಗ ನಡುನಡುವೆ ಕಾಗದ ಸರಸರ ಅನ್ನುವ ಸದ್ದು ನಿಮಗೆ ಕೇಳಿಸಬಹುದು. ಅದು ಪ್ರಸಾರದ ದೋಷ ಅಲ್ಲ, ನನ್ನ ಬಲಗೈ. 12 ವರ್ಷಗಳಿಂದ ಅದು ನಡುಗುತ್ತಿದೆ. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡರೆ ಏನೂ ಇಲ್ಲ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಲೋಟ ಎತ್ತಲು ಹೋದರೆ, ಪೆನ್ನು ಹಿಡಿದರೆ, ಅದರಲ್ಲೂ ನಾಲ್ಕು ಜನ ನೋಡುತ್ತಿದ್ದಾರೆ ಅನ್ನಿಸಿದರೆ ಶುರುವಾಗುತ್ತದೆ. ಪಾರ್ಕಿನ್ಸನ್ ಅಲ್ಲ ಎಂದು ವೈದ್ಯರು ಹೇಳಿದರು. ಕೆಲವು ಮನೆತನಗಳಲ್ಲಿ ವಂಶದಿಂದ ಬರುವ ನಡುಕ ಇದು, ಮಾತ್ರೆಯಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಅಂದರು. ನನ್ನ ತಾತನ ಕೈಯೂ ಹೀಗೇ ನಡುಗುತ್ತಿತ್ತಂತೆ.

ನಾನು ಕನ್ನಡ ಮೇಷ್ಟರ ಕೆಲಸ ಮಾಡಿದವಳು. ಚಿಕ್ಕಬಳ್ಳಾಪುರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪಾಠ ಹೇಳಿ ನಿವೃತ್ತಳಾದೆ. ನನ್ನ ಅಕ್ಷರದ ಬಗ್ಗೆ ನನಗೆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬೋರ್ಡಿನ ಮೇಲೆ ಬರೆದದ್ದು ಅಚ್ಚು ಹಾಕಿದ ಹಾಗಿದೆ ಎಂದು ಬೇರೆ ತರಗತಿಯವರು ಬಂದು ನೋಡುತ್ತಿದ್ದರು. ನಮ್ಮ ಕನ್ನಡದ ಅಕ್ಷರಗಳೋ, ದುಂಡಗೆ. ಕೈ ಒಂಚೂರು ಅಲ್ಲಾಡಿದರೆ ‘ಠ’ದ ಒಳಗಿನ ಚುಕ್ಕೆ ಹೋಗಿ ಗೆರೆಗೆ ತಾಗುತ್ತದೆ. ‘ಪ’ ಬರೆಯಲು ಹೋದರೆ ‘ಷ’ದ ಹಾಗೆ ಕಾಣುತ್ತದೆ. ಒತ್ತಕ್ಷರ ಎಲ್ಲೋ ಕೆಳಗೆ ಜಾರಿಬಿಡುತ್ತದೆ.

ಮೂರು ವರ್ಷ ಬಚ್ಚಿಟ್ಟೆ. ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆಯೇ ಹೋಗಿ, ಖಾಲಿ ಕೋಣೆಯಲ್ಲಿ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಇಡೀ ದಿನದ ಪಾಠ ಬೋರ್ಡಿನ ಮೇಲೆ ಬರೆದಿಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದೆ. ಮದುವೆ ಮನೆಗಳಲ್ಲಿ ಪಾಯಸ ಬಿಡುತ್ತಿದ್ದೆ. ಬಚ್ಚಿಡುವುದಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅನ್ನುವುದು ಬಚ್ಚಿಟ್ಟವರಿಗೇ ಗೊತ್ತು. ಸಂಜೆ ಮನೆಗೆ ಬಂದರೆ ಗದ್ದೆ ಕೆಲಸ ಮಾಡಿದವಳ ಹಾಗೆ ಬಿದ್ದುಕೊಳ್ಳುತ್ತಿದ್ದೆ.

ಒಬ್ಬ ತಂದೆ ಬಂದು, ಟೀಚರ್ ಅಕ್ಷರವೇ ಹೀಗಿದ್ದರೆ ಮಕ್ಕಳು ಏನು ಕಲಿಯುತ್ತಾರೆ ಎಂದು ಕೇಳಿದ. ಅದನ್ನು ಹೇಗೋ ನುಂಗಿಕೊಂಡೆ. ನುಂಗಲು ಆಗದೇ ಹೋದದ್ದು ಒಂದು ಪ್ರಾರ್ಥನಾ ಕೂಟದಲ್ಲಿ ಕೇಳಿದ ಮಾತು. ಹೊರಗಿನಿಂದ ಬಂದಿದ್ದ ಒಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ಕಣ್ಣು ಬಿಟ್ಟು ನೋಡಿದರು, ಕೈ ಇನ್ನೂ ನಡುಗುತ್ತಿತ್ತು. “ಸಿಸ್ಟರ್, ನಿಮ್ಮ ವಿಶ್ವಾಸ ಸಾಲದು” ಅಂದರು. ಅವರು ಕೆಟ್ಟವರಲ್ಲ, ನನಗೆ ಒಳ್ಳೆಯದಾಗಲಿ ಅಂತಲೇ ಬಂದವರು. ಆದರೂ ಆ ಮಾತು ತಪ್ಪು. ಅದನ್ನು ಈವತ್ತು ಮೈಕಿನ ಮುಂದೆ ಹೇಳಬೇಕು ಅಂತಲೇ ಬಂದಿದ್ದೇನೆ, ಏಕೆಂದರೆ ಅದೇ ಮಾತು ಕೇಳಿಸಿಕೊಂಡು ಮನೆಯ ಮೂಲೆಯಲ್ಲಿ ಕೂತವರು ಇನ್ನೂ ಇದ್ದಾರೆ.

ಬೈಬಲ್ ತೆಗೆದು ನೋಡಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರ, 12ನೆಯ ಅಧ್ಯಾಯ. ಅದನ್ನು ಬರೆದ ಅಪೊಸ್ತಲ, ಅಂದರೆ ಯೇಸುವಿನ ಸುವಾರ್ತೆ ಸಾರುತ್ತ ತಿರುಗಿದ ಪೌಲ, ತನ್ನ ಶರೀರದಲ್ಲಿ ಒಂದು ಶೂಲ ನಾಟಿದೆ ಅನ್ನುತ್ತಾನೆ. ಅದು ಏನು, ಕಣ್ಣಿನ ರೋಗವೋ, ಬೇರೆ ನೋವೋ, ಅವನು ಬಿಡಿಸಿ ಹೇಳಿಲ್ಲ. ಹೇಳದೇ ಬಿಟ್ಟದ್ದೇ ಒಳ್ಳೆಯದಾಯಿತು, ಅಲ್ಲಿ ನಮ್ಮ ನಮ್ಮ ಶೂಲ ಇಟ್ಟುಕೊಳ್ಳಬಹುದು. ಇದನ್ನು ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡೆ ಅನ್ನುತ್ತಾನೆ. ಅಷ್ಟು ಕ್ರೈಸ್ತ ಸಭೆಗಳನ್ನು ಕಟ್ಟಿದವನು, ಮೂರು ಬಾರಿ ಹಡಗು ಒಡೆದರೂ ಬದುಕಿ ಬಂದವನು. ಅಂಥವನಿಗೂ ಬಂದ ಉತ್ತರ ‘ಇಲ್ಲ’ ಅಂತಲೇ. ಶೂಲ ಹೋಗಲಿಲ್ಲ. ಬಂದದ್ದು ಒಂದು ಮಾತು: “ನನ್ನ ಕೃಪೆಯೇ ನಿನಗೆ ಸಾಕು, ಬಲಹೀನತೆಯಲ್ಲಿಯೇ ಬಲವು ಪೂರ್ಣಸಾಧಕವಾಗುತ್ತದೆ.”

ಈ ವಚನವನ್ನು ಕ್ಯಾಲೆಂಡರಿನ ಮೇಲೆ, ಗೋಡೆಯ ಮೇಲೆ ಎಷ್ಟೋ ಸಾರಿ ಓದಿದ್ದೆ. ಅದು ಬೇಡಿಕೊಂಡದ್ದು ಸಿಗದವನಿಗೆ ಬಂದ ಉತ್ತರ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಕೂಟದಿಂದ ಮನೆಗೆ ಬಂದ ಆ ರಾತ್ರಿ ಹೊಳೆಯಿತು. ಕನ್ನಡ ಪಾಠ ಹೇಳುವವಳಿಗೆ ವ್ಯಾಕರಣ ಬಿಟ್ಟುಹೋಗುವುದಿಲ್ಲ, ಅಳುತ್ತಿರುವಾಗಲೂ. ‘ಸಾಲದು’, ‘ಸಾಕು’, ಎರಡೂ ಹುಟ್ಟಿದ್ದು ‘ಸಾಲ್’ ಅನ್ನುವ ಒಂದೇ ಧಾತುವಿನಿಂದ. ಮನುಷ್ಯರು ನನ್ನನ್ನು ಅಳೆದು ‘ನಿನ್ನದು ಸಾಲದು’ ಅಂದಿದ್ದರು. ದೇವರು ಅಳೆದದ್ದು ನನ್ನ ವಿಶ್ವಾಸವನ್ನಲ್ಲ, ತನ್ನ ಕೃಪೆಯನ್ನು. ಅಳೆದು ‘ಸಾಕು’ ಅಂದ. ನನ್ನ ವಿಶ್ವಾಸ ಎಷ್ಟಿತ್ತು ಅನ್ನುವ ಲೆಕ್ಕವೇ ಆ ವಾಕ್ಯದಲ್ಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇದೇ ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ತನ್ನ ಜೊತೆ ಓಡಾಡಿದ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದೆ ಅನ್ನುತ್ತಾನೆ. ಅಷ್ಟೇ ಮಾತು. ತ್ರೊಫಿಮನ ವಿಶ್ವಾಸ ಕಡಿಮೆಯಿತ್ತು ಎಂದು ದೂರುವುದಿಲ್ಲ. ಪೌಲನ ಜೊತೆ ಓಡಾಡಿದ ಲೂಕನೂ ವೈದ್ಯನೇ. ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

‘ಸಾಕು’ ಅನ್ನುವ ಮಾತಿಗೆ ನಮ್ಮ ಕಡೆ ಇನ್ನೊಂದು ಅರ್ಥವಿದೆ. ನಾನು ಹುಟ್ಟಿದ್ದು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಆ ‘ಸಾಕು’ ಬೇರೆ ಶಬ್ದ, ಈ ‘ಸಾಕು’ ಬೇರೆ ಎಂದು ಗೊತ್ತಿದೆ. ಆದರೂ ನನ್ನ ಕಿವಿಗೆ ಎರಡೂ ಒಂದರೊಳಗೊಂದು ಕೇಳಿಸುತ್ತವೆ. ಕೃಪೆಯೇ ನಿನ್ನನ್ನು ಸಾಕುತ್ತದೆ ಅಂದ ಹಾಗೆ.

ಹುಳ ಮೇಯಿಸುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ. ಮೊಟ್ಟೆ ಒಡೆದು ಬಂದ ಹುಳ ಇರುವೆಯಷ್ಟಿರುತ್ತದೆ. ಗೂಡು ಕಟ್ಟುವ ಹೊತ್ತಿಗೆ ಅದರ ತೂಕ ಸುಮಾರು 10,000 ಪಟ್ಟು ಹೆಚ್ಚುತ್ತದೆ. ಮೈ ಬೆಳೆದ ಹಾಗೆ ಚರ್ಮ ಬೆಳೆಯುವುದಿಲ್ಲ. ಅದಕ್ಕೇ ನಾಲ್ಕು ಸಾರಿ ಹಳೆಯ ಚರ್ಮ ಕಳಚಬೇಕು. ನಮ್ಮ ಕಡೆ ಅದಕ್ಕೆ ‘ಜ್ವರ’ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿ, ಸತ್ತಂತೆ ನಿಂತುಬಿಡುತ್ತದೆ. ಸಣ್ಣವಳಿದ್ದಾಗ ನನಗೆ ಭಯವಾಗುತ್ತಿತ್ತು. ಹಸಿದಿವೆ ಎಂದು ಒಂದು ಹಿಡಿ ಸೊಪ್ಪು ಹಾಕಲು ಹೋದರೆ ಅಮ್ಮ ಕೈ ಹಿಡಿದುಕೊಳ್ಳುತ್ತಿದ್ದಳು. “ಮುಟ್ಟಬೇಡ ಕಣೇ, ಜ್ವರಕ್ಕೆ ಕೂತವೆ. ತಾವಾಗೇ ಏಳ್ತವೆ, ಆಮೇಲೆ ಹಾಕೋಣ.” ತಟ್ಟೆ ಒಣಗಲಿ ಎಂದು ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಉದುರಿಸುತ್ತಿದ್ದಳು. ರಾತ್ರಿ ಎದ್ದು ಚಿಮಣಿ ದೀಪ ಹಿಡಿದು ನೋಡಿಬರುತ್ತಿದ್ದಳು. ಜ್ವರದಿಂದ ಎದ್ದ ಹುಳದ ಮೈ ಸುಕ್ಕುಸುಕ್ಕಾಗಿ, ಸಡಿಲವಾಗಿರುತ್ತದೆ. ನೋಡಿದರೆ ಮೊದಲಿಗಿಂತ ಬಡವಾದ ಹಾಗೆ. ಆ ಸಡಿಲವೇ ಅದಕ್ಕೆ ಬೆಳೆಯಲು ಇರುವ ಜಾಗ.

ಎಲೀಯನ ಕಥೆ ಓದುವಾಗಲೆಲ್ಲ ನನಗೆ ಅಮ್ಮನ ಆ ದೀಪ ನೆನಪಾಗುತ್ತದೆ. ಅಷ್ಟು ದೊಡ್ಡ ಪ್ರವಾದಿ, ಜೀವಭಯದಿಂದ ಓಡಿ ಅಡವಿಯಲ್ಲಿ ಒಂದು ಜಾಲಿಗಿಡದ ಕೆಳಗೆ ಕೂತ. ನಮ್ಮ ಬತ್ತಿದ ಕೆರೆಗಳ ಅಂಗಳದಲ್ಲಿ ಇರುತ್ತದಲ್ಲ ಜಾಲಿ, ಓದುವಾಗ ನನ್ನ ಕಣ್ಣಿಗೆ ಬರುವುದು ಅದೇ. ಕೂತು, ನನಗೆ ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಅಂದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ, ಬೈಯಲೂ ಇಲ್ಲ. ಮಲಗಲು ಬಿಟ್ಟ. ದೂತ ಬಂದು ತಟ್ಟಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಾರಿ ಎಬ್ಬಿಸಿ ಮತ್ತೆ ಊಟ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಳ್ಳುತ್ತಾನೆ. ನಿನಗೆ ಶಕ್ತಿಯಿದೆ, ಏಳು ಎಂದು ಹುರಿದುಂಬಿಸುವುದಿಲ್ಲ. ‘ಸಾಕಾಯಿತು’ ಅಂದವನನ್ನು ಹೀಗೆ ಸಾಕಿದ ದೇವರು ನನಗೆ ಗೊತ್ತು.

ಕೈ ನಿಲ್ಲಲಿಲ್ಲ. ನಿಂತದ್ದು ಬಚ್ಚಿಡುವ ಕೆಲಸ.

ಒಂಬತ್ತನೇ ತರಗತಿಗೆ ಹೋಗಿ, ಬೋರ್ಡ್ ಖಾಲಿ ಬಿಟ್ಟು, ಮಕ್ಕಳಿಗೆ ಕೈ ತೋರಿಸಿದೆ. “ನೋಡ್ರಪ್ಪ, ನನ್ನ ಕೈ ನಡುಗುತ್ತೆ. ಇನ್ನುಮೇಲೆ ನಾನು ಹೇಳ್ತೀನಿ, ನೀವು ಒಬ್ಬೊಬ್ಬರಾಗಿ ಬಂದು ಬರೀಬೇಕು.” ಯಾರೂ ನಗಲಿಲ್ಲ. ಆವತ್ತು ಸಂಧಿಯ ಪಾಠ. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ, ಮನೆಮಾತು ಉರ್ದು, ಅಪ್ಪ ನೂಲು ಬಿಚ್ಚುವವರು. ಶಾಲೆ ಬಿಟ್ಟ ಮೇಲೆ ಅವಳೂ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹಿಡಿಯುತ್ತಿದ್ದಳು. ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಅವಳನ್ನು ಕರೆದೆ. “ಮಳೆ ಕೂಡಿಸು ಕಾಲ, ಮಳೆಗಾಲ” ಅಂದೆ. ಅವಳು ‘ಮಲೆಗಾಲ’ ಬರೆದಳು. ಆಗ ನಕ್ಕರು ಮಕ್ಕಳು. ಆದರೆ ಆ ಅಕ್ಷರ! ಮುತ್ತು ಪೋಣಿಸಿದ ಹಾಗೆ. ಗೂಡಿನ ಎಳೆ ಹಿಡಿಯುವ ಬೆರಳಿಗೆ ದುಂಡಗಿನ ಕನ್ನಡ ಎಷ್ಟು ಸಲೀಸಾಗಿ ಬಂದಿತ್ತು! ನನ್ನ ಕೈಗೆ ಇವಳಷ್ಟು ಚೆನ್ನಾಗಿ ಬರೆಯಲು ಬರಲ್ಲ, ಇವಳ ನಾಲಿಗೆಗೆ ‘ಳ’ ಇನ್ನೂ ಬರಬೇಕು, ಇಬ್ಬರೂ ಸೇರಿದರೆ ಪಾಠ ಆಗುತ್ತೆ ಅಂದೆ. ಅಳಿಸಿ ‘ಮಳೆಗಾಲ’ ಮಾಡಿದಳು. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು, “ಮಿಸ್, ನಾಲೆನೂ ನಾನೇ ಬರೀಲಾ?” ಅಂದಳು. ಆ ‘ನಾಲೆ’ಯನ್ನು ನಾನು ತಿದ್ದಲಿಲ್ಲ.

ನನ್ನ ಕೈ ಗಟ್ಟಿಯಾಗಿದ್ದಷ್ಟು ದಿನ ಆ ಹುಡುಗಿಯ ಅಕ್ಷರ ನೋಟ್‌ಬುಕ್ಕಿನೊಳಗೇ ಇರುತ್ತಿತ್ತು. ತಿದ್ದುವಾಗ ನೋಡಿದ್ದರೂ ನಾನು ಗಮನಿಸಿರಲಿಲ್ಲ. ಆ ರಾತ್ರಿ ಮನೆಯಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೆಗೆದೆ. ಉದ್ದಕ್ಕೂ ಹೆಸರುಗಳು, ವಂದನೆಗಳು. ನಡುವೆ, 22ನೆಯ ವಚನದಲ್ಲಿ, ಪೌಲನಲ್ಲದ ಬೇರೊಂದು ದನಿ: ಈ ಪತ್ರವನ್ನು ಬರೆದ ತೆರ್ತ್ಯನೆಂಬ ನಾನು ನಿಮಗೆ ವಂದನೆ ಹೇಳುತ್ತೇನೆ. ಪೌಲ ಹೇಳಿದ, ತೆರ್ತ್ಯ ಬರೆದ. ಗಲಾತ್ಯದವರ ಪತ್ರದಲ್ಲಿ ತನ್ನ ಕೈಯಾರೆ ಬರೆಯುವಾಗ ಅಕ್ಷರ ದೊಡ್ಡದಾಗಿದೆ ನೋಡಿ ಎಂದು ಪೌಲನೇ ಹೇಳುತ್ತಾನೆ. ಲೋಕವೆಲ್ಲ ಓದುವ ಆ ಪತ್ರ ಇನ್ನೊಬ್ಬನ ಬೆರಳಿನಿಂದ ಇಳಿದು ಬಂತು. ಬರೆದವನು ತನ್ನ ಹೆಸರು ಸೇರಿಸಲು ಪೌಲ ಬಿಟ್ಟಿದ್ದನ್ನು ಕಂಡು ಮನಸ್ಸು ತುಂಬಿಬಂತು.

ಮರುದಿನದಿಂದ ಬೋರ್ಡಿನ ಕೆಳಗಿನ ಮೂಲೆಯಲ್ಲಿ ಬರೆದವರು ಹೆಸರು ಹಾಕುವ ಪದ್ಧತಿ ಮಾಡಿದೆ.

ಹೀಗೆಂದು ಎಲ್ಲ ಬಲಹೀನತೆಯೂ ವರ ಎಂದು ನಾನು ಹೇಳುತ್ತಿಲ್ಲ. ಗೂಡಿನ ಬೆಲೆ ಬಿದ್ದು ಸಾಲಕ್ಕೆ ಸಿಕ್ಕಿದವನಿಗೆ, ಗಂಡನ ಹೊಡೆತ ತಿನ್ನುವವಳಿಗೆ ಈ ವಚನ ಹೇಳಿ ಸುಮ್ಮನಾಗಿಸುವುದು ದೊಡ್ಡ ಪಾಪ. ಆ ಶೂಲ ಮನುಷ್ಯರು ನೆಟ್ಟದ್ದು, ಮನುಷ್ಯರೇ ಕೀಳಬೇಕು. ಪೌಲ ಆ ಮಾತನ್ನು ತನಗೆ ಹೇಳಿಕೊಂಡ, ಇನ್ನೊಬ್ಬರ ಬಾಯಿ ಮುಚ್ಚಿಸಲು ಹೇಳಲಿಲ್ಲ.

ಕೊನೆಗೊಂದು ಸಂಗತಿ. ಬಚ್ಚಿಡುತ್ತಿದ್ದ ಆ ಮೂರು ವರ್ಷ ನಾನು ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆಗೆ, ಎದ್ದು ಹೋಗುತ್ತಿರಲಿಲ್ಲ. ನಮ್ಮ ದೇವಾಲಯದಲ್ಲಿ ದ್ರಾಕ್ಷಾರಸವನ್ನು ಹೆಬ್ಬೆರಳಿನಷ್ಟು ಸಣ್ಣ ಗಾಜಿನ ಲೋಟಗಳಲ್ಲಿ, ತಟ್ಟೆಯಲ್ಲಿ ಜೋಡಿಸಿ ತರುತ್ತಾರೆ. ಮೊಣಕಾಲೂರಿ ಒಂದನ್ನು ಎತ್ತಿಕೊಳ್ಳಬೇಕು. ಒಮ್ಮೆ ಚೆಲ್ಲಿ, ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಕಲೆಯಾಗಿತ್ತು. ಆಮೇಲೆ ಹಿಂದಿನ ಸಾಲಿನಲ್ಲೇ ತಲೆ ಬಗ್ಗಿಸಿ ಕೂತಿರುತ್ತಿದ್ದೆ. ತರಗತಿಯಲ್ಲಿ ಕೈ ತೋರಿಸಿದ ಮೇಲೆ ಬಂದ ಭಾನುವಾರ ಎದ್ದು ಹೋದೆ. ತಟ್ಟೆ ನನ್ನ ಮುಂದೆ ಬಂತು. ಅಂಚಿನಲ್ಲಿ, ನನ್ನ ಬಲಗೈಗೆ ಹತ್ತಿರವಾಗಿ ಇದ್ದ ಒಂದು ಲೋಟದಲ್ಲಿ ಮಾತ್ರ ರಸ ಅರ್ಧಕ್ಕೇ ನಿಂತಿತ್ತು. ತಟ್ಟೆ ಸಿದ್ಧಮಾಡುವ ಅಕ್ಕ ಯಾರು ಎಂದು ನನಗೆ ಗೊತ್ತು. ನಾನು ಅವರಿಗೆ ಏನೂ ಹೇಳಿರಲಿಲ್ಲ, ಅವರೂ ಈವರೆಗೆ ಒಂದು ಮಾತೂ ಆಡಿಲ್ಲ. ಕೇಳಿದರೆ, ನಾನು ಬಾರದೇ ಇದ್ದ ಭಾನುವಾರಗಳಲ್ಲೂ ಅಂಥದೊಂದು ಲೋಟ ಅಂಚಿನಲ್ಲಿ ಇರುತ್ತಿತ್ತಂತೆ.

ನಮಸ್ಕಾರ.