ಗ್ಲಾಕೋಮಾ: ಹನಿ ಹಾಕುವುದನ್ನು ಕಲಿಯೋಣ

ಎಲ್ಲರಿಗೂ ನಮಸ್ಕಾರ.

ಪೊರೆ ಬಂದರೆ ಕಣ್ಣು ಮಂಜಾಗುತ್ತದೆ, ಆಪರೇಷನ್ ಮಾಡಿ ಲೆನ್ಸ್ ಹಾಕಿದರೆ ಸಾಮಾನ್ಯವಾಗಿ ಮತ್ತೆ ಕಾಣುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಇಂದು ಅದರ ಬಗ್ಗೆಯೇ ಮಾತಾಡುತ್ತೇನೆ.

ಕಣ್ಣಿನೊಳಗೆ ಸದಾ ತಿಳಿನೀರು ಹುಟ್ಟುತ್ತಿರುತ್ತದೆ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಸಣ್ಣ ಜಾಲರಿಯಿಂದ ಅದು ಸೋರಿಹೋಗಬೇಕು. ಜಾಲರಿ ಕಟ್ಟಿಕೊಂಡರೆ ಒತ್ತಡ ಏರಿ, ಹಿಂದಿರುವ ದೃಷ್ಟಿನರ ಎಳೆ ಎಳೆಯಾಗಿ ಸಾಯುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಕೆಲವರಿಗೆ ಇಷ್ಟರೊಳಗಿದ್ದರೂ ನರ ಕೆಡುತ್ತದೆ. ಆದ್ದರಿಂದ ಒತ್ತಡದ ಜೊತೆಗೆ ನರದ ತಪಾಸಣೆ, ಸುತ್ತಲೂ ಎಷ್ಟು ಕಾಣುತ್ತದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಕೂಡ ಆಗಬೇಕು.

ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಬದಿಯ ನೋಟ ಹೋಗುತ್ತದೆ. ಎದುರಿಗಿರುವ ಪೇಪರ್ ಓದುವವರಿಗೆ ಪಕ್ಕದಿಂದ ಬಂದ ಸೈಕಲ್ ಕಾಣುವುದಿಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ತೋರಿಸಿಕೊಳ್ಳಿ.

ಚಿಕಿತ್ಸೆ ಹೆಚ್ಚಾಗಿ ಹನಿಯಿಂದಲೇ ಶುರು. ಹನಿ ತಪ್ಪಾಗಿ ಬಿದ್ದರೆ ಎಷ್ಟು ಒಳ್ಳೆಯ ಔಷಧಿಯೂ ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಕೈ ತೊಳೆದುಕೊಳ್ಳಿ. ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆ ಎಳೆಯಿರಿ; ಪುಟ್ಟ ಜೇಬಿನಂತೆ ಆಗುತ್ತದೆ. ಮೇಲೆ ನೋಡುತ್ತಾ ಅದರೊಳಗೆ ಒಂದೇ ತೊಟ್ಟು ಬಿಡಿ. ಬಾಟಲಿಯ ತುದಿ ರೆಪ್ಪೆಗೂ ರೆಪ್ಪೆಗೂದಲಿಗೂ ತಾಗಬಾರದು, ತಾಗಿದರೆ ಔಷಧಿಗೆ ಸೋಂಕು ಸೇರುತ್ತದೆ. ಆ ಜೇಬು ಒಂದು ತೊಟ್ಟನ್ನೂ ಪೂರ್ತಿ ಹಿಡಿಯುವುದಿಲ್ಲ, ಎರಡನೆಯದು ಬರೀ ನಷ್ಟ.

ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿಂದ ಕಣ್ಣೀರಿನ ನಾಳ ಮೂಗಿಗೆ ಇಳಿಯುತ್ತದೆ, ಔಷಧಿ ಅದೇ ದಾರಿಯಲ್ಲಿ ರಕ್ತ ಸೇರುತ್ತದೆ. ಕಣ್ಣಿನ ಒತ್ತಡ ಇಳಿಸುವ ಟಿಮೊಲೊಲ್ ಎಂಬ ಔಷಧಿ ಇರುವ ಹನಿ ಹೀಗೆ ಸೇರಿದರೆ ನಾಡಿ ನಿಧಾನವಾಗಬಹುದು, ಅಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. ಅಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ಹೇಳಿಬಿಡಿ. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಸಾಮಾನ್ಯವಾಗಿ ಬಾಟಲಿ ತೆರೆದ 4 ವಾರಕ್ಕೆ ಎಸೆಯಬೇಕು. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೆಯೇ ಬರೆಯಿರಿ.

ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಹನಿ ತಂದು ವಾರಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಅದರಿಂದಲೇ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಎಳೆಯ ಮಕ್ಕಳಿಗೂ.

ಇನ್ನೊಂದು ಬಗೆ ದಿಢೀರನೆ ಬರುತ್ತದೆ. ಕಣ್ಣು ಕೆಂಪಾಗಿ ಸಿಡಿಯುವಂಥ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ. ತಲೆನೋವೋ ಪಿತ್ತವೋ ಎಂದು ಮಾತ್ರೆ ನುಂಗಿ ಮಲಗಬೇಡಿ, ಆ ರಾತ್ರಿಯೇ ಕಣ್ಣಾಸ್ಪತ್ರೆಗೆ ಹೊರಡಿ.

ಈಗ ನಿಮ್ಮ ಬಾಟಲಿ ತಂದಿದ್ದರೆ ಹೊರಗೆ ತೆಗೆಯಿರಿ. ಹನಿ ಹಾಕುವುದನ್ನು ಒಮ್ಮೆ ಅಭ್ಯಾಸ ಮಾಡೋಣ, ಮುಚ್ಚಳ ಹಾಕಿಟ್ಟೇ.